ಐತವಾರ ಬರತೇನಿ

ಫಿನ್‌ಲೆಂಡಿನಿಂದ ತಿರುಗಿ ಬಂದ ಮೇಲೆ ಬೈಲಹೊಂಗಲದಲ್ಲಿ ನನಗೆ ಎರಡು ಕಡೆ ಶಾಲು ಹೊದಿಸಿ ಸನ್ಮಾನ ಮಾಡಿದರು. ನಮ್ಮ ಸಾಲೆಯಲ್ಲೊಮ್ಮೆ, ಮಹಿಳಾ ಮಂಡಳದಲ್ಲೊಮ್ಮೆ. ಎರಡೂ ಕಡೆ ಹಿಮದ ಬಗ್ಗೆ ಮಾತಾಡಿದೆ. ದೊಡ್ಡ ಕೆರೆಯೊಂದು ದಡದಿಂದ ದಡಕ್ಕೆ ಗಡ್ಡೆಗಟ್ಟಿ, ಅದರ ಮೇಲೆ ಜನ ಸಂತೆಗೆ ಹೋಗುವಂತೆ ನಡೆದು ಹೋಗುತ್ತಾರೆ ಎಂದಾಗ ಎಲ್ಲರೂ ಬಾಯಿ ತೆರೆದು ಕೇಳಿದರು. ಆ ಗಡ್ಡೆ ಒಡೆದದ್ದನ್ನು ಮಾತ್ರ ಹೇಳಲಿಲ್ಲ. ಯಾರಿಂದ ಒಡೆಯಿತು ಎಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ. ಹೆಗಲ ಮೇಲಿನ ಶಾಲು ಸುಡುತ್ತಿತ್ತು. ಈಗ ಪ್ರವಾಸ ಕಥನ ಬರೆದುಕೊಡಿ ಎಂದು ಕೇಳಿದ್ದಾರೆ. ಅದನ್ನು ಬಿಟ್ಟು ಬರೆಯುವುದು ನನ್ನಿಂದ ಆಗದು. ನಾಚಿಕೆಯಾದರೂ ಆಗಲಿ, ಬರೆದೇಬಿಡುತ್ತೇನೆ.

ಬೈಲಹೊಂಗಲ, ಸಾಲಹಳ್ಳಿ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿ ಕಡೆಯ ಒಂದು ಸೇವಾ ಸಂಘದವರು ನಮ್ಮ ಜಿಲ್ಲೆಯ ಕೆಲವರನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿಯವರ ಮನೆಯಲ್ಲಿದ್ದು, ಅವರು ಉಂಡದ್ದನ್ನು ಉಂಡು, ಅವರ ಬದುಕು ನೋಡಿಕೊಂಡು ಬರಬೇಕು. ಬೇಸಿಗೆಯಲ್ಲಿ ಹೋಗುವ ದೇಶಗಳಿಗೆಲ್ಲ ಜನ ವಶೀಲಿ ಹಚ್ಚಿ ಜಾಗ ಹಿಡಿದಿದ್ದರು. ಜನವರಿಯಲ್ಲಿ ಫಿನ್‌ಲೆಂಡಿಗೆ ಎಂದಾಗ ಎಲ್ಲರಿಗೂ ಒಮ್ಮೆಲೇ ಮನೆಯಲ್ಲಿ ಲಗ್ನಗಳು ನೆನಪಾದವು. ಹಾಗೆ ಉಳಿದ ಒಂದು ಜಾಗ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನ್ನ ಪಾಲಿಗೆ ಬಂತು, ಇನ್ನೊಂದು ಕಿತ್ತೂರಿನಲ್ಲಿ ಅರಿವೆ ಅಂಗಡಿ ಇಟ್ಟ ಮಲ್ಲೇಶಪ್ಪನವರಿಗೆ.

ಒಲ್ಲೆ ಎನ್ನಲು ನನಗೆ ಮನಸ್ಸಿರಲಿಲ್ಲ. ಎಷ್ಟೋ ವರ್ಷ ಕರಿಹಲಗೆಯ ಮೇಲೆ ಗಾಳಿಯ ಬಾಣ ಬರೆದವಳು ನಾನು. ಬಾಣ ಬರೆದು ಬರೆದು ಸುಣ್ಣದ ಕಡ್ಡಿ ಸವೆಸಿದ್ದೆನೇ ಹೊರತು ಆ ಗಾಳಿಯಲ್ಲಿ ಒಮ್ಮೆಯೂ ನಿಂತಿರಲಿಲ್ಲ.

ಹೊರಡುವ ಮೊದಲು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಹೋದೆ. ಅದು ನನ್ನ ತವರು. ಅವ್ವ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ, ಇವತ್ತಿಗೂ ಹೊಲದ ಯಜಮಾನಿಕೆ ಬಿಟ್ಟುಕೊಟ್ಟಿಲ್ಲ. ನಾನು ಹೋದಾಗ ಕಡಲೆ ಹೊಲದಲ್ಲಿದ್ದಳು. ನಮ್ಮ ಕಡೆ ಚಳಿಗಾಲದಲ್ಲಿ ಮೂಡಗಾಳಿ ಬಿಟ್ಟು ಆಕಾಶ ತಿಳಿಯಾದರೆ ಕಡಲೆ ಗಿಡದ ಮೇಲೆ ಇಬ್ಬನಿ ಇಳಿಯುತ್ತದೆ, ಗಿಡದ ಹುಳಿಯೆಲ್ಲ ಆ ನೀರಿಗೆ ಬರುತ್ತದೆ. ಸಂಜೆ ಗಿಡಗಳ ಮೇಲೆ ಹಳೆಯ ಧೋತರ ಹಾಸಿ, ನಸುಕಿನಲ್ಲಿ ಅದನ್ನು ಹಿಂಡಿದರೆ ಕಡಲೆ ಹುಳಿ ಸಿಗುತ್ತದೆ. ಹೊಟ್ಟೆನೋವಿಗೆ ಅದೇ ನಮ್ಮ ಮದ್ದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಈ ಕಡೆ ಬಂದರೆ ಇಬ್ಬನಿಯೂ ಇಲ್ಲ, ಹುಳಿಯೂ ಇಲ್ಲ, ಕಾಯೊಳಗೆ ಹುಳ ಮಾತ್ರ.

ಅವ್ವ ಒಂದು ಸಣ್ಣ ಬಾಟಲಿ ತುಂಬ ಹುಳಿ ಕೊಟ್ಟಳು.

"ಅಲ್ಲೆ ಹೊಟ್ಟಿ ಕೆಟ್ರ ಯಾರ ನೋಡ್ತಾರ? ಒಂದ ಚಮಚಾ ಕುಡದ ಮಲಕೊ."

"ಅಲ್ಲೆ ದೊಡ್ಡ ದೊಡ್ಡ ದವಾಖಾನಿ ಇರತಾವ, ಅವ್ವಾ."

"ಇರಲಿ. ದವಾಖಾನ್ಯಾಗ ಕಡ್ಲಿ ಹುಳಿ ಇರತೈತೇನ?"

ಬಸ್ಸಿಗೆ ಹೊತ್ತಾಗಿತ್ತು. "ಬರತೇನಿ" ಎಂದೆ.

"ಮತ್ತ ಯಾವಾಗ ಬರತಿ?"

"ತಿರುಗಿ ಬಂದ ಮ್ಯಾಲ ಐತವಾರ ಬರತೇನಿ ತಗೋ."

ಅವ್ವ ತಲೆಯಾಡಿಸಿ ಮತ್ತೆ ಕಳೆ ಕೀಳಲು ಬಾಗಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಲೀಸಾಳ ಮನೆ

ಫಿನ್‌ಲೆಂಡಿನ ನಡುಭಾಗದ ಒಂದು ಸಣ್ಣ ಊರು. ಸುತ್ತಲೂ ಕೆರೆಗಳು. ಅವನ್ನು ಸರೋವರ ಎನ್ನಬೇಕು, ಆದರೆ ಮೇಲೆಲ್ಲ ಬಿಳಿ ಬಟ್ಟೆ ಹಾಸಿದಂತಿದ್ದರಿಂದ ನನಗೆ ಹತ್ತಿ ಒಡೆದ ಬಯಲು ಹೊಲವೇ ಕಂಡಿತು. ನನ್ನನ್ನು ಮನೆಯಲ್ಲಿಟ್ಟುಕೊಂಡವಳು ಲೀಸಾ, ನನ್ನ ವಯಸ್ಸಿನವಳು, ಅಲ್ಲಿಯ ಸಾಲೆಯ ಮಾಸ್ತರಿಣಿ. ಮಲ್ಲೇಶಪ್ಪನವರು ಎರಡು ಮನೆಯಾಚೆ ಇಳಿದರು.

ಮೊದಲ ಮರ್ಯಾದೆ ಹೋದದ್ದು ಬಾಗಿಲಲ್ಲಿಯೇ. ಅವರೂ ನಮ್ಮಂತೆ ಹೊಸ್ತಿಲಲ್ಲಿ ಚಪ್ಪಲಿ ಬಿಡುವವರು. ಅದನ್ನು ನೋಡಿ ಹಿಗ್ಗಿ ನಾನೂ ಬೂಟು ಬಿಚ್ಚಿದೆ. ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ, ಒಂದರ ತುದಿಯಲ್ಲಿ ಹೆಬ್ಬೆರಳು. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ನಮ್ಮ ಮಾರ್ಚ್ ತಿಂಗಳ ಸೆಕೆ. ಮೂರು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ನನ್ನನ್ನು ನೋಡಲು ಬಂದ ಮಲ್ಲೇಶಪ್ಪನವರು ಒಂದೊಂದಾಗಿ ಬಿಚ್ಚುತ್ತ ಕೊನೆಗೆ ಬನಿಯನ್ನಿನ ಮೇಲೆ ಕೈ ಇಟ್ಟು ತಡೆದರು.

"ಇನ್ನ ಬಿಚ್ಚಾಕ ಬರೂದಿಲ್ಲರಿ ಅಕ್ಕಾರ, ಒಳಗ ನಾನ ಅದೇನಿ" ಎಂದರು.

ಎರಡನೆಯದು ಊಟದಲ್ಲಿ. ಲೀಸಾ ನನಗಾಗಿ ಆಲೂಗಡ್ಡೆಯ ಪಲ್ಯ ಮಾಡಿದ್ದಳು. ಒಮ್ಮೆ ಬಡಿಸಿ, "ಇನ್ನೂ ಬೇಕೆ?" ಎಂದಳು. ನಾನು ನಮ್ಮ ಪದ್ಧತಿಯಂತೆ "ಸಾಕು, ಸಾಕು" ಎಂದೆ. ನಮ್ಮಲ್ಲಿ ಎರಡು ಸಲ ಸಾಕು ಎಂದ ಮೇಲೆಯೇ ನಿಜವಾದ ಊಟ ಶುರುವಾಗುವುದು. ಲೀಸಾ ಪಾತ್ರೆ ಮುಚ್ಚಿ ಒಳಗಿಟ್ಟಳು. ಆ ರಾತ್ರಿ ಹಸಿದುಕೊಂಡು, ಹೊಟ್ಟೆನೋವಿಗಾಗಿ ತಂದ ಬಾಟಲಿಯನ್ನು ನೋಡುತ್ತ ಮಲಗಿದೆ. ಮರುದಿನ ಮಲ್ಲೇಶಪ್ಪನವರಿಗೂ ಅದೇ ಗತಿಯಾಗಿತ್ತೆಂದು ಗೊತ್ತಾಯಿತು.

"ಇಲ್ಲೆ ಒಮ್ಮಿ ಬ್ಯಾಡ ಅಂದ್ರ ಮುಗೀತರಿ. ಎರಡನೇ ಸಲ ಕೇಳೂದಿಲ್ಲ. ಬಾಯಿಂದ ಬಂದದ್ದನ್ನ ಖರೇ ಅಂತ ತಿಳಕೊಂಡ ಬಿಡತಾರ."

ಇಬ್ಬರೂ ನಕ್ಕೆವು. ನಗುವ ಬದಲು ಅದನ್ನು ಗಂಟು ಕಟ್ಟಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಭೂಗೋಳದ ಮಾಸ್ತರಿಣಿಗಿಂತ ಅರಿವೆ ವ್ಯಾಪಾರಿಗೆ ಆ ದೇಶ ಬೇಗ ತಿಳಿದಿತ್ತು.

ನಡುಗಡ್ಡೆ

ಮೊದಲ ವಾರ ಗಟ್ಟಿ ಚಳಿ. ರಷ್ಯಾದ ಕಡೆಯಿಂದ ಮೂಡಗಾಳಿ ಬೀಸುತ್ತಿತ್ತು, ಆಕಾಶ ತೊಳೆದಿಟ್ಟಂತೆ. ಅಷ್ಟು ದೂರ ಬಂದರೂ ತಿಳಿ ಚಳಿ ಮೂಡಲಿಂದಲೇ ಬರುತ್ತದಲ್ಲ ಎಂದು ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಮಂಗಳವಾರ ಲೀಸಾ ತನ್ನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದಳು. ಆ ಮನೆ ಕೆರೆಯ ನಡುಗಡ್ಡೆಯ ಮೇಲೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಕಾಲು.

ಮಂಜುಗಡ್ಡೆಯ ಮೇಲೆ ದಾರಿ ತಿಳಿಯಲೆಂದು ಉದ್ದಕ್ಕೂ ಹಸಿರು ಟೊಂಗೆಗಳನ್ನು ನೆಟ್ಟಿದ್ದರು. ಮದುವೆ ಮನೆಯ ದಾರಿಯಲ್ಲಿ ಬಾಳೆ ಕಂದು ನಿಲ್ಲಿಸಿದ ಹಾಗಿತ್ತು. ಸೀರೆಯ ಕೆಳಗೆ ಉಣ್ಣೆಯ ಪಾಯಿಜಾಮಾ, ಅದರ ಕೆಳಗೆ ಗಂಡಸರ ಬೂಟು, ಕೈಯಲ್ಲಿ ಲೀಸಾಳ ತೋಳು. ನಡುವೆ ಕಾಲಡಿಯಲ್ಲಿ ದೂರದ ಗುಡುಗಿನಂಥ ಸದ್ದು ಬಂತು. ನಾನು ಅಲ್ಲೇ ಕುಕ್ಕರಿಸಿ ಶಿವಶಿವಾ ಎಂದೆ.

"ಏಳಿ. ಗಡ್ಡೆ ಗಟ್ಟಿಯಾಗುತ್ತಿದೆ. ಚಳಿ ಇರುವವರೆಗೆ ಭಯವಿಲ್ಲ" ಎಂದಳು ಲೀಸಾ.

ಚಿಕ್ಕಮ್ಮನ ಹೆಸರು ಐನೋ. ನಾನು ಮನಸ್ಸಿನಲ್ಲೇ ಐನವ್ವ ಮಾಡಿಕೊಂಡೆ. ಹಿಂದೆ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಗಂಡನ ಹೆಸರು ಮತ್ತಿ, ನಮ್ಮ ಮತ್ತಿ ಮರದಷ್ಟೇ ಎತ್ತರ, ಅದರಷ್ಟೇ ಮಾತು. ದಾರಿಗೆ ಟೊಂಗೆ ನೆಟ್ಟವರು ಅವರೇ. ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಮೊಳೆಗಳು, ಮೊಳೆಗೆ ಮರದ ಹಿಡಿ. ಇದೇನು ದೇವರ ಗುರುತೇ ಎಂದು ಕೇಳಿದೆ. ನಮ್ಮ ಕೊರಳಲ್ಲಿ ಲಿಂಗ ಇರುವುದರಿಂದ ನನಗೆ ಹಾಗೆ ಅನ್ನಿಸಿದ್ದು ಸಹಜ.

"ಒಳಗೆ ಬಿದ್ದರೆ, ಹತ್ತಿ ಬರಲು" ಎಂದರು ಮತ್ತಿ. ಲೀಸಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

ಐನವ್ವ ಕಾಫಿಯ ಜೊತೆ ಬನ್ನು ಕೊಟ್ಟರು. ಕಚ್ಚಿದರೆ ಏಲಕ್ಕಿ! ಆ ದೇಶದಲ್ಲಿ ಏಲಕ್ಕಿ ಹಾಕದೆ ಬನ್ನು ಮಾಡುವುದೇ ಇಲ್ಲವಂತೆ. ಎಷ್ಟೋ ದಿನದಿಂದ ಬರೀ ಉಪ್ಪು ಉಂಡ ನಾಲಿಗೆಗೆ ಹಬ್ಬವಾಗಿ ನನ್ನ ಕಣ್ಣಲ್ಲಿ ನೀರು ಬಂತು. ಐನವ್ವ ಏನೂ ಕೇಳದೆ ಇನ್ನೊಂದು ಬನ್ನು ಇಟ್ಟರು. ಈ ಸಲ ನಾನು ಸಾಕು ಎನ್ನಲಿಲ್ಲ. ಬದಲಿಗೆ ನನ್ನ ಬಾಟಲಿ ತೆಗೆದು ಅವರಿಗೆ ಕೊಟ್ಟು, ಗಿಡದ ಮೇಲಿನ ಇಬ್ಬನಿಯನ್ನು ಬಟ್ಟೆಯಲ್ಲಿ ಹಿಂಡಿದ್ದು ಎಂದೆ. ಐನವ್ವ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿ, ಆಮೇಲೆ ಬಾಟಲಿಯನ್ನು ಕಿಟಕಿಯ ಹತ್ತಿರ ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

ಹೊರಡುವ ಹೊತ್ತಾಯಿತು. ಲೀಸಾ, ಮತ್ತಿ ಹೊರಗೆ ಅಂಗಳಕ್ಕೆ ಇಳಿದಿದ್ದರು. ನಾನು ಐನವ್ವನ ಎರಡೂ ಕೈ ಹಿಡಿದುಕೊಂಡೆ. ಅಷ್ಟು ಆದರ ಮಾಡಿದವರ ಮನೆಯಿಂದ ಹೋಗುತ್ತೇನೆ ಎಂದು ಹೇಗೆ ಹೊರಡುವುದು? ಹೋಗುತ್ತೇನೆ ಎಂದರೆ ನಮ್ಮಲ್ಲಿ ಅಪಶಕುನ, ಸಣ್ಣ ಮಕ್ಕಳು ಬಾಯಿ ತಪ್ಪಿ ಅಂದರೂ ಗದರಿಸುತ್ತೇವೆ. ನನ್ನ ಬಾಯಿಂದ ಬರತೇನಿ ಎನ್ನುವುದು ಇಂಗ್ಲಿಷಿನ ಅಂಗಿ ತೊಟ್ಟುಕೊಂಡು ಬಂತು.

"ಐ ವಿಲ್ ಕಮ್."

"ಯಾವಾಗ?" ಎಂದರು ಐನವ್ವ.

ನಮ್ಮವರೂ ಹಾಗೇ ಕೇಳುತ್ತಾರೆ. ನಾವೂ ಹೀಗೇ ಹೇಳುತ್ತೇವೆ. "ಸಂಡೇ" ಎಂದೆ.

ಐನವ್ವನ ಮುಖ ಅರಳಿತು. ಹೊರಗೆ ಬಂದು ಗಂಡನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ಮತ್ತಿ ಒಮ್ಮೆ ಕೆರೆಯ ಕಡೆ ನೋಡಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ. ಮುಂದೆ ಹೋಗಿದ್ದ ಲೀಸಾ ಇದ್ಯಾವುದನ್ನೂ ಕೇಳಿರಲಿಲ್ಲ. ದಾರಿಯಲ್ಲಿ ನಾನೂ ಅದನ್ನು ಹೇಳಲಿಲ್ಲ, ಯಾಕೆಂದರೆ ಹೇಳುವಂಥದ್ದು ಏನಾದರೂ ಆಗಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಗುರುವಾರ, ಲೀಸಾಳ ಸಾಲೆಯಲ್ಲಿ

ಈ ದಿನವನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಆವತ್ತು ನಾನು ಬಲು ಶಾಣ್ಯಾಳಾಗಿದ್ದೆ.

ನಮ್ಮ ಕಡೆಯ ಚಳಿಗಾಲದ ಬಗ್ಗೆ ಪಾಠ ಮಾಡಲು ಲೀಸಾ ಕೇಳಿದ್ದಳು. ಮೂಡಗಾಳಿ, ಇಬ್ಬನಿ, ಬಿಳಿಜೋಳ, ಕಡಲೆ ಎಲ್ಲ ಹೇಳಿದೆ. ಸವದತ್ತಿಯ ಹತ್ತಿರ ಮಲಪ್ರಭೆಗೆ ಕಟ್ಟಿದ ದೊಡ್ಡ ಜಲಾಶಯವಿದೆ ಎಂದಾಗ ಒಬ್ಬ ಹುಡುಗಿ ಅದು ಯಾವ ತಿಂಗಳು ಗಟ್ಟಿಯಾಗುತ್ತದೆ ಎಂದು ಕೇಳಿದಳು. ಗಟ್ಟಿಯಾಗುವುದೇ ಇಲ್ಲ ಎಂದೆ. ಹಾಗಾದರೆ ಆಚೆ ಕಡೆಯವರನ್ನು ಚಳಿಗಾಲದಲ್ಲಿ ನೋಡುವುದು ಹೇಗೆ ಎಂದು ಅವಳಿಗೆ ಚಿಂತೆಯಾಯಿತು.

ಆಮೇಲೆ ಸುಮ್ಮನಿರಬಹುದಿತ್ತು. ನಾನು ಅವರ ಚಳಿಗಾಲವನ್ನು ಅವರಿಗೇ ಕಲಿಸಲು ಹೊರಟೆ. ಹಲಗೆಯ ಮೇಲೆ ಅಟ್ಲಾಂಟಿಕ್ ಸಾಗರ ಬರೆದೆ. ಮೇಲೆ ಐಸ್‌ಲೆಂಡಿನ ಹತ್ತಿರ ಗಾಳಿಯ ಒತ್ತಡ ಕಡಿಮೆ, ಕೆಳಗೆ ಅಝೋರ್ಸ್ ನಡುಗಡ್ಡೆಗಳ ಹತ್ತಿರ ಹೆಚ್ಚು. ಇವೆರಡರ ನಡುವಿನ ಅಂತರ ಬೆಳೆದಾಗ ಪಡುವಣ ಗಾಳಿಗೆ ಬಲ ಬರುತ್ತದೆ. ಅದು ಸಾಗರದ ಬೆಚ್ಚನೆಯ ಹಸಿ ಹವೆಯನ್ನು ಹೊತ್ತು ತಂದು ಈ ದೇಶದ ಮೇಲೆ ಸುರಿಯುತ್ತದೆ, ನಡು ಚಳಿಗಾಲದಲ್ಲೂ ಮಳೆ ಬೀಳುತ್ತದೆ. ಅಂತರ ಕುಗ್ಗಿದಾಗ ಪಡುವಣ ಗಾಳಿ ಸೋಲುತ್ತದೆ, ಮೂಡಗಾಳಿ ಒಳಗೆ ನುಗ್ಗಿ ಗಟ್ಟಿ ಚಳಿ ಹಿಡಿಯುತ್ತದೆ. ಒಂದು ವರ್ಷ ಇದರ ಕೈ ಮೇಲೆ, ಒಂದು ವರ್ಷ ಅದರದು. ಒಂದೇ ಚಳಿಗಾಲದಲ್ಲಿ ಎರಡೂ ಜಗ್ಗಾಡುವುದುಂಟು. ಇತ್ತೀಚಿನ ವರ್ಷಗಳಲ್ಲಿ ಪಡುವಣ ಗಾಳಿಯೇ ಹೆಚ್ಚು ಗೆದ್ದಿತ್ತು, ಕೆರೆಗಳು ತಡವಾಗಿ ಗಟ್ಟಿಯಾಗುತ್ತಿವೆ ಎಂದು ಲೀಸಾ ನಡುವೆ ಸೇರಿಸಿದಳು.

ಹಿಂದಿನ ಸಂಜೆ ಟಿವಿಯ ಹವಾಮಾನದ ನಕ್ಷೆಯನ್ನು ನೋಡಿದ್ದೆ. ಐಸ್‌ಲೆಂಡಿನ ಹತ್ತಿರ ಗೆರೆಗಳು ಒತ್ತೊತ್ತಾಗಿ ಸುತ್ತಿಕೊಂಡಿದ್ದವು. ಹಲಗೆಯ ಮೇಲೆ ಪಡುವಣದಿಂದ ಒಂದು ದಪ್ಪ ಬಾಣ ಎಳೆದು, "ನೋಡುತ್ತಿರಿ, ಶನಿವಾರದೊಳಗೆ ಗಾಳಿ ತಿರುಗುತ್ತದೆ, ಮಳೆ ಬರುತ್ತದೆ" ಎಂದು ಭವಿಷ್ಯ ಹೇಳಿದೆ.

ಶುಕ್ರವಾರ ಸಂಜೆಯೇ ಗಾಳಿ ತಿರುಗಿತು. ಶನಿವಾರ ಇಡೀ ದಿನ ಮಳೆ. ಮನೆಯ ಮಾಡಿನಿಂದ ಹಿಮ ಧೊಪ್ಪೆಂದು ಜಾರಿ ಬೀಳುತ್ತಿತ್ತು. ಸಾಲೆಯ ಮಕ್ಕಳು ದಾರಿಯಲ್ಲಿ ನನ್ನನ್ನು ಕಂಡು ಕೈ ಬೀಸಿ ಆಕಾಶ ತೋರಿಸಿದರು. ಕಿಟಕಿಯಲ್ಲಿ ನಿಂತು ಆ ಮಳೆಯನ್ನು ನಾನೇ ತರಿಸಿದವಳಂತೆ ನೋಡಿದೆ. ಮಂಗಳವಾರ ನಾನು ನಡೆದುಹೋದ ದಾರಿ ಆ ಮಳೆಯ ಕೆಳಗೆ ಏನಾಗುತ್ತಿದೆ ಎಂಬ ಯೋಚನೆ ಒಂದು ಸಲವೂ ಬರಲಿಲ್ಲ. ನನ್ನ ಬಾಣ ಹಲಗೆಯ ಅಂಚಿಗೆ ಹೋಗಿ ನಿಂತುಬಿಟ್ಟಿತ್ತು.

ಐತವಾರ

ಬೆಳಿಗ್ಗೆ ಲೀಸಾ ನನ್ನನ್ನೂ ಮಲ್ಲೇಶಪ್ಪನವರನ್ನೂ ಹತ್ತಿರದ ಪಟ್ಟಣದ ಇಗರ್ಜಿಗೆ ಹಾಡು ಕೇಳಲು ಕರೆದುಕೊಂಡು ಹೋದಳು. ಹಾಡು ನಿಧಾನ, ಬೆಂಚು ಬೆಚ್ಚಗೆ. ಮಲ್ಲೇಶಪ್ಪನವರು ಮೊದಲ ಹಾಡಿಗೇ ನಿದ್ದೆ ಹೋದರು. ಲೀಸಾ ತನ್ನ ಮೊಬೈಲ್ ಆರಿಸಿ ಚೀಲದಲ್ಲಿಟ್ಟಿದ್ದಳು. ಆಮೇಲೆ ಕಾಫಿ, ಅಂಗಡಿ, ಮಕ್ಕಳಿಗೆ ನಾನು ಕೊಂಡ ಟೋಪಿಗಳು. ಮಧ್ಯಾಹ್ನ ಕಾರಿನಲ್ಲಿ ಕುಳಿತು ಲೀಸಾ ಫೋನ್ ಹಚ್ಚಿದಳು. ಅದು ಕೂಗಿತು, ನಿಂತಿತು, ಮತ್ತೆ ಕೂಗಿತು. ಅದರಲ್ಲಿ ಬಂದು ಉಳಿದಿದ್ದ ಸಂದೇಶಗಳನ್ನು ಅವಳು ಒಂದೊಂದಾಗಿ ಕೇಳಿದಳು. ಕೊನೆಗೆ ಫೋನ್ ಕೆಳಗಿಟ್ಟು ಹಿಂದೆ ತಿರುಗಿದಳು.

"ಇವತ್ತು ಬರುತ್ತೇನೆ ಎಂದು ನೀವು ಐನೋಗೆ ಹೇಳಿದ್ದಿರಾ?"

"ಇಲ್ಲವಲ್ಲ" ಎಂದೆ. ಸುಳ್ಳು ಹೇಳಲಿಲ್ಲ, ಖರೇ ಅಂದರೆ ನನಗೆ ನೆನಪೇ ಇರಲಿಲ್ಲ. ಅಂದ ಮೇಲೆ ಐನವ್ವನ ಕೈಗಳು ನೆನಪಾದವು, ಅವರ "ಯಾವಾಗ?" ನೆನಪಾಯಿತು, ನನ್ನ "ಸಂಡೇ" ನೆನಪಾಯಿತು.

ಆಗಿದ್ದು ಇಷ್ಟು. ನಾನು ಬರುತ್ತೇನೆ ಎಂದು ಐನವ್ವ ನಸುಕಿನಲ್ಲೇ ಎದ್ದು ಬನ್ನು ಸುಟ್ಟಿದ್ದರು. ಮಳೆಯಿಂದ ಗಡ್ಡೆ ಮೆತ್ತಗಾಗಿದೆ, ನೀರು ಸೆಳೆಯುವ ಕಡೆ ಅದು ತಡೆಯುವುದಿಲ್ಲ ಎಂದು ಮತ್ತಿಯವರಿಗೆ ಗೊತ್ತಿತ್ತು. ಬರಬೇಡಿ ಎನ್ನಲು ಲೀಸಾಳ ಮನೆಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಮೊಬೈಲಿಗೆ ಮಾಡಿದರು, ಅದು ಆರಿತ್ತು. ಹಾಗಾದರೆ ಆ ಹೆಂಗಸು ಹೊರಟೇಬಿಟ್ಟಿದ್ದಾಳೆ, ಟೊಂಗೆ ನೋಡಿಕೊಂಡು ಗಡ್ಡೆಯ ಮೇಲೆ ಕಾಲಿಡುತ್ತಾಳೆ, ಅವಳಿಗೆ ಗಡ್ಡೆಯ ಗುಣ ಗೊತ್ತಿಲ್ಲ ಎಂದುಕೊಂಡರು. ದಾರಿ ತೋರಿಸುವ ಟೊಂಗೆಗಳನ್ನು ಕಿತ್ತುಹಾಕಿ, ಆಚೆ ದಡ ಸೇರಿ ನನ್ನನ್ನು ತಡೆಯಲು ಮತ್ತಿ ಗಡ್ಡೆಯ ಮೇಲೆ ಹುಷಾರಾಗಿ ಹೊರಟರು. ಆಚೆ ದಡ ಕೂಗಳತೆಯಲ್ಲಿದ್ದಾಗ ಗಡ್ಡೆ ಒಡೆದು ಒಳಗೆ ಹೋದರು. ಕೊರಳಲ್ಲಿದ್ದ ಮೊಳೆ ಚುಚ್ಚಿ ಚುಚ್ಚಿ ಮೇಲೆ ಬಂದು, ದಡದ ಮನೆಯವರೆಗೆ ತೆವಳಿದರು. ಈಗ ಆಸ್ಪತ್ರೆಯಲ್ಲಿದ್ದರು, ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಕಾರು ಆಸ್ಪತ್ರೆಯ ಕಡೆ ತಿರುಗಿತು. ನಾನು ಏನಾದರೂ ಹೇಳಲೇಬೇಕಿತ್ತು.

"ನಮ್ಮಲ್ಲಿ ಹೊರಡುವಾಗ ಹಾಗೆ ಅನ್ನುತ್ತೇವೆ, ಲೀಸಾ. ಅದು ಮರ್ಯಾದೆಯ ಮಾತು."

"ಐತವಾರ ಎಂದೂ ಅನ್ನುತ್ತೀರಾ?"

"ಅನ್ನುತ್ತೇವೆ."

"ಆಮೇಲೆ ಯಾರೂ ಕಾಯುವುದಿಲ್ಲವೇ?"

"ಇಲ್ಲ. ಯಾರೂ ಕಾಯುವುದಿಲ್ಲ" ಎಂದೆ. ಇದನ್ನು ಮಾತ್ರ ಬಲು ಧೈರ್ಯವಾಗಿ ಹೇಳಿದೆ.

ಆಸ್ಪತ್ರೆ

ಮತ್ತಿಯವರನ್ನು ಗಾಜಿನಾಚೆಯಿಂದ ನೋಡಿದೆ. ಮೂಗಿಗೆ ಕೊಳವೆ. ಅಂಗೈಗಳಿಗೆ ಬಟ್ಟೆ ಸುತ್ತಿದ್ದರು, ಮೊಳೆಯ ಹಿಡಿ ಬಿಗಿಹಿಡಿದು ಚರ್ಮ ಕಿತ್ತುಹೋಗಿತ್ತು. ಎರಡು ದಿನ ಏನೂ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಲೀಸಾಳಿಗೆ ಹೇಳಿದರು. ರಕ್ಷಣಾ ದಳದವರು ನಡುಗಡ್ಡೆಯಿಂದ ಕರೆತಂದಿದ್ದ ಐನವ್ವ ಕುರ್ಚಿಯಲ್ಲಿ ಕೈ ಮಡಚಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬೈಯಲಿ ಎಂದು ಬೇಡಿಕೊಂಡೆ. ನಮ್ಮ ಕಡೆಯವರಾಗಿದ್ದರೆ ಬೈದು, ಅತ್ತು, ಎದೆ ಹಗುರ ಮಾಡಿಕೊಂಡು ಆಮೇಲೆ ನೀರು ಕುಡಿ ಎಂದಾದರೂ ಅನ್ನುತ್ತಿದ್ದರು.

"ನೀವು ಬದುಕಿದ್ದೀರಿ. ನೀವೂ ಗಡ್ಡೆಯ ಮೇಲೆ ಇದ್ದೀರಿ ಅಂತ ಹೆದರಿದ್ದೆ" ಎಂದರು. ಆಮೇಲೆ, "ತಪ್ಪು ನಮ್ಮದು. ಆ ದಾರಿ ತೋರಿಸಿದವರು ನಾವು" ಎಂದರು.

ನಾನು ಹೊರಟೇ ಇರಲಿಲ್ಲ, ಹಾಡು ಕೇಳುತ್ತ ಬೆಚ್ಚಗೆ ಕುಳಿತಿದ್ದೆ, ಮಕ್ಕಳಿಗೆ ಟೋಪಿ ಆರಿಸುತ್ತಿದ್ದೆ ಎನ್ನಬೇಕಿತ್ತು. ಟೋಪಿಯ ಚೀಲ ಇನ್ನೂ ಕೈಯಲ್ಲೇ ಇತ್ತು. ಅದನ್ನು ಬೆನ್ನ ಹಿಂದೆ ಸರಿಸಿದೆ. ಲೀಸಾ ಅವರ ಭಾಷೆಯಲ್ಲಿ ಎಲ್ಲವನ್ನೂ ಹೇಳಿದಳು, ನಮ್ಮ ಮರ್ಯಾದೆಯ ಮಾತಿನ ಸಂಗತಿಯನ್ನೂ. ಐನವ್ವ ಕೇಳಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ನೋಡುವ ಹಾಗಿತ್ತು ಆ ನೋಟ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಮಲ್ಲೇಶಪ್ಪನವರು ಮಳೆಯಲ್ಲಿ ನಿಂತಿದ್ದರು.

"ನೀವು ಬೇಕಂತ ಮಾಡೀರೇನರಿ ಅಕ್ಕಾರ? ನಾನೂ ಊರಾಗ ನಮ್ಮ ಮನ್ಯಾವ್ರಿಗಿ ಹಂಗ ಅಂದ ಬಂದೇನಿ. ಬಾಯಿಗಿ ರೂಢಿ ಆಗೇತಿ."

"ರೂಢಿ ಆಗೇತಿ, ಖರೇ. ಅದಕ್ಕ ನಾಚಿಕಿ ಬರಾಕ್ಹತ್ತೇತ್ರಿ" ಎಂದೆ.

"ನಾಳಿಗಿ ಉಸರ ಹಿಡಿತಾರ ನೋಡ್ರಿ. ಗಟ್ಟಿ ಮನಶಾ ಅದಾರ" ಎಂದು ಅವರು ತಮ್ಮ ಮೂರು ಸ್ವೆಟರಿನಲ್ಲಿ ಒಂದನ್ನು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು.

ಮರುದಿನ ಅಲ್ಲ, ಅದರ ಮರುದಿನ ಮತ್ತಿ ಕಣ್ಣು ಬಿಟ್ಟು ಕಾಫಿ ಕೇಳಿದರು. ಅಷ್ಟರಲ್ಲಿ ಗಾಳಿ ಮತ್ತೆ ಮೂಡಲಿಗೆ ತಿರುಗಿ ಚಳಿ ಬಿಗಿದಿತ್ತು. ಟಿವಿಯ ನಕ್ಷೆಯಲ್ಲಿ ಗೆರೆಗಳು ಸಡಿಲಾಗಿದ್ದವು. ನಾನು ಅದರ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ.

ನಾವು ಊರಿಗೆ ಹೊರಡುವ ದಿನ ಅವರನ್ನು ಕಾಣಲು ಹೋದೆ. ದಿಂಬಿಗೆ ಒರಗಿ ಕುಳಿತಿದ್ದರು. ಐನವ್ವ ಪಕ್ಕದಲ್ಲಿದ್ದರು. ನನ್ನ ಹುಳಿಯನ್ನು ಮೀನಿಗೆ ಹಿಂಡಿದೆವು, ಚೆನ್ನಾಗಿತ್ತು ಎಂದರು. ನಮ್ಮವ್ವ ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಬೇರೆ ದಿನವಾದರೆ ಮುಖ ಸಿಂಡರಿಸುತ್ತಿದ್ದೆ, ಆವತ್ತು ಆ ಹುಳಿ ಏನಕ್ಕಾದರೂ ಉಪಯೋಗವಾಯಿತಲ್ಲ ಎಂದು ಸಂತೋಷಪಟ್ಟೆ.

ಎದ್ದು ನಿಂತೆ. ಎದುರಿಗೆ ಹಾಸಿಗೆ ಹಿಡಿದ ಮನುಷ್ಯ. ಅಂಥವರ ಮುಂದೆ ಹೋಗುತ್ತೇನೆ ಎಂಬ ಶಬ್ದವನ್ನು ನಮ್ಮ ವಂಶದಲ್ಲೇ ಯಾರೂ ಆಡಿರಲಿಕ್ಕಿಲ್ಲ. ನಾಲಿಗೆ ಹೊರಳಲಿಲ್ಲ. ಬಲವಂತದಿಂದ ಹೊರಳಿಸಿದೆ.

"ನಾನು ಹೋಗುತ್ತೇನೆ."

"ಬರುವುದಿಲ್ಲವೇ?" ಎಂದು ಕೇಳಿದರು ಮತ್ತಿ. ಐನವ್ವ ಅದನ್ನು ಇಂಗ್ಲಿಷಿಗೆ ತಿರುಗಿಸಿದರು.

"ಇಲ್ಲ. ಬಹಳ ದೂರ. ಬರಲು ಆಗುವುದಿಲ್ಲ."

ಮತ್ತಿ, "ಬೇಸರದ ಸಂಗತಿ. ಆದರೆ ಒಳ್ಳೆಯದು. ಇನ್ನು ಕಿಟಕಿಯಿಂದ ದಾರಿ ನೋಡುವುದು ಬೇಡ" ಎಂದು ಬಟ್ಟೆ ಸುತ್ತಿದ ಕೈ ಮುಂದೆ ಚಾಚಿದರು. ಆ ಕೈಯನ್ನು ಮುಟ್ಟಲು ನನಗೆ ಧೈರ್ಯ ಸಾಲಲಿಲ್ಲ, ಬೆರಳ ತುದಿಯನ್ನು ಮಾತ್ರ ಹಿಡಿದುಕೊಂಡೆ.

ಮತ್ತೆ ಸಾಲಹಳ್ಳಿ

ಬೈಲಹೊಂಗಲಕ್ಕೆ ಬಂದ ಮೇಲೆ ಮೊದಲ ಐತವಾರ ಬೆಳಗಿನ ಬಸ್ಸು ಹಿಡಿದೆ. ಬಟ್ಟೆ ಇನ್ನೂ ತೊಳೆದಿರಲಿಲ್ಲ, ಮನೆಯಲ್ಲಿ ನೋಡಲು ಬರುವವರಿದ್ದರು. ನಮ್ಮ ಯಜಮಾನರು, "ಇವತ್ತ ಯಾಕ ಅಷ್ಟ ಅವಸರ? ಮುಂದಿನ ವಾರ ಹೋದ್ರ ಆಗೂದಿಲ್ಲೇನ?" ಎಂದರು. ಆಗೂದಿಲ್ಲ ಎಂದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗದ ದಾರಿ ಹಿಡಿದಾಗ ಎರಡೂ ಕಡೆ ಕಡಲೆ ಕಿತ್ತ ಹೊಲಗಳು, ಮೇಲೆ ಮೋಡ ಕವಿದ ಆಕಾಶ.

ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಬಿಟ್ಟು ಎದ್ದಳು. ಕಾಳೆಲ್ಲ ನೆಲಕ್ಕೆ ಚೆಲ್ಲಿದವು.

"ಯಾಕ ಬಂದಿ? ಏನಾತು? ಅಳಿಯಂದ್ರ ಆರಾಮ ಅದಾರಿಲ್ಲ? ಹುಡುಗೂರು?"

"ಎಲ್ಲಾರೂ ಆರಾಮ ಅದಾರ. ಐತವಾರ ಬರತೇನಿ ಅಂದಿದ್ನೆಲ್ಲ, ಅವ್ವಾ."

"ಅಂದಿದ್ದಿ. ಅಂದ ಮ್ಯಾಲ ಬರೂದೇನ? ನನ್ನ ಜೀವಾನ ಹಾರಿತಲ್ಲ!" ಎಂದು ಎದೆ ಹಿಡಿದುಕೊಂಡು ಕುಳಿತಳು.

ಅವಳ ಗಾಬರಿ ಇಳಿದ ಮೇಲೆ ಇಬ್ಬರೂ ಸೇರಿ ಚೆಲ್ಲಿದ ಕಾಳು ಬಳಿದೆವು. ಮೋಡ ಹಿಡಿದು ಆಮೇಲೆ ಹುಳಿಯೇ ಸಿಗಲಿಲ್ಲ, ನಿನಗೆ ಕೊಟ್ಟದ್ದೇ ಕೊನೆಯ ಬಾಟಲಿ ಎಂದಳು. ನಾನು ಎಲ್ಲವನ್ನೂ ಹೇಳಿದೆ. ನಡುಗಡ್ಡೆ, ಬನ್ನು, ಮಳೆ, ಮೊಳೆ, ಎಲ್ಲ. ಅವ್ವ ಕಾಳಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ಆ ಹಿರ್ಯಾ ಉಳದಾನಿಲ್ಲ?"

"ಉಳದಾನ."

"ಪಾಪ, ಅವರಿಗಿ ಗೊತ್ತಾಗಿಲ್ಲ" ಎಂದಳು. ಅಷ್ಟೇ. ಮೊರ ಮತ್ತೆ ಆಡತೊಡಗಿತು.

ನನಗೆ ಲೀಸಾ ಕಾರಿನಲ್ಲಿ ಕೇಳಿದ ಪ್ರಶ್ನೆ, ನಾನು ಧೈರ್ಯವಾಗಿ ಕೊಟ್ಟ ಉತ್ತರ ನೆನಪಾದವು.

"ಅವ್ವಾ, ನಾ ಐತವಾರ ಬರತೇನಿ ಅಂದ ಹೋದಾಗ ನೀ ಯಾವಾಗರ ಹಾದಿ ನೋಡೀಯೇನ?"

"ಮೊದಲ ನೋಡತಿದ್ನಿ. ನಿನ್ನ ಲಗ್ನ ಆದ ಹೊಸದಾಗಿ. ಹೋಳಗಿ ಮಾಡಿ, ಬಸ್ ನಿಂದರೂ ತನಕ ಹೋಗಿ ನಿಂದರತಿದ್ನಿ."

"ಆಮ್ಯಾಲ?"

ಅವ್ವ ಮೊರದಿಂದ ಒಂದು ಹುಳುಕು ಕಾಳನ್ನು ಆರಿಸಿ ಅಂಗಳಕ್ಕೆ ಒಗೆದಳು.

"ಆಮ್ಯಾಲ ತಿಳೀತು, ಅದು ಬರೂ ಮಾತಲ್ಲ, ಹೋಗೂ ಮಾತು ಅಂತ."